ದುಡ್ಡು ಓಡಾಡಿದರೆ ಸಾಕೆ?

"ಮೇಷ್ಟ್ರೇ, ನಾವೆಲ್ಲ ಹೊಸ ಸಾಫ್ಟ್‌ವೇರ್ ತಗೊಂಡ್ರೆ ದೇಶದ ಆರ್ಥಿಕತೆಗೆ ಒಳ್ಳೇದಂತೆ. ಹೌದಾ?"

ಕಾಂಪೌಂಡ್ ಗೋಡೆಯಾಚೆಯಿಂದ ಬಂದ ಪ್ರಶ್ನೆ. ಕೇಳಿದವಳು ನಮ್ಮ ಪಕ್ಕದ ಮನೆಯ ಹೆಣ್ಣುಮಗಳು. ಕಾಲೇಜಿನಲ್ಲಿ ನನ್ನ ಹತ್ತಿರ ಕಾಮರ್ಸ್ ಓದಿದವಳು, ಈಗ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಡಿಟಿಪಿ ಅಂಗಡಿ ನಡೆಸುತ್ತಾಳೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಎಲ್ಲ ಅವಳ ಕೈಯಲ್ಲೇ ಕಂಪೋಸ್ ಆಗುವುದು. ಕಂಪ್ಯೂಟರ್ ಮಾರುವವರೊಬ್ಬರು ಬಂದು ಕೊಟೇಶನ್ ಕೊಟ್ಟು ಹೋಗಿದ್ದಾರೆ. ಹೊಸ ಕಂಪ್ಯೂಟರು, ಅದರೊಳಗೆ ಹೊಸ ಆಪರೇಟಿಂಗ್ ಸಿಸ್ಟಂ, ಮೇಲೆ ತಿಂಗಳ ಬಾಡಿಗೆಯ ಡಿಸೈನ್ ಸಾಫ್ಟ್‌ವೇರು. ಹೋಗುವಾಗ ಒಂದು ಮಾತೂ ಹೇಳಿದರಂತೆ: "ಎಲ್ರೂ ಹಳೇದನ್ನೇ ಹಿಡ್ಕೊಂಡು ಕೂತ್ರೆ ವ್ಯಾಪಾರ ಹೆಂಗ್ ನಡೀಬೇಕಮ್ಮ? ನೀವು ಖರ್ಚು ಮಾಡಿದ್ರೆ ನಾಲ್ಕು ಜನಕ್ಕೆ ಕೆಲಸ."

ನಾನು ನೀರಿನ ಪೈಪನ್ನು ತೆಂಗಿನ ಬುಡಕ್ಕೆ ಬಿಟ್ಟು ಗೋಡೆಯ ಹತ್ತಿರ ಬಂದೆ. ಇದು ನಿಂತು ಮಾತಾಡಬೇಕಾದ ವಿಷಯ.

"ಆ ಮಾತು ಸುಳ್ಳಲ್ಲ ಕಣಮ್ಮ, ಆದ್ರೆ ಅರ್ಧ ಮಾತು," ಅಂದೆ. "ನೀನು ಹತ್ತು ಸಾವಿರದ ಸಾಫ್ಟ್‌ವೇರ್ ತಗೊಂಡೆ ಅನ್ನು. ಮಾರಿದವರಿಗೆ ಕಮಿಷನ್ ಬಂತು. ಇನ್‌ಸ್ಟಾಲ್ ಮಾಡೋಕೆ ಬಂದ ಹುಡುಗನಿಗೆ ಕೂಲಿ ಆಯ್ತು. 18 ಪರ್ಸೆಂಟ್ ಜಿಎಸ್‌ಟಿ ಅಂದ್ರೆ 1,800 ರೂಪಾಯಿ, ಅದರಲ್ಲಿ 900 ಕೇಂದ್ರಕ್ಕೆ, 900 ರಾಜ್ಯಕ್ಕೆ. ಇದೆಲ್ಲ ಕಣ್ಣಿಗೆ ಕಾಣುತ್ತೆ. ಕಾಣೋದನ್ನಷ್ಟೇ ಕೂಡಿಸಿದ್ರೆ ಲೆಕ್ಕ ಯಾವಾಗ್ಲೂ ಲಾಭದಲ್ಲೇ ಇರುತ್ತೆ."

ಅಂಗಡಿಯವರಷ್ಟೇ ಹೀಗೆ ಲೆಕ್ಕ ಹಾಕುವುದಲ್ಲ, ದೊಡ್ಡ ದೊಡ್ಡವರೂ ಹಾಕಿದ್ದಾರೆ. 2006ರಲ್ಲಿ ಮೈಕ್ರೋಸಾಫ್ಟಿನ ಹೊಸ ಆಪರೇಟಿಂಗ್ ಸಿಸ್ಟಂ ವಿಂಡೋಸ್ ವಿಸ್ಟಾ ಬಿಡುಗಡೆಗೆ ತಯಾರಾಗುತ್ತಿತ್ತು. ಯುರೋಪಿನಲ್ಲಿ ಮೈಕ್ರೋಸಾಫ್ಟಿಗೂ ಯುರೋಪಿಯನ್ ಕಮಿಷನ್ನಿಗೂ ಜಟಾಪಟಿ ನಡೆಯುತ್ತಿದ್ದ ಕಾಲ. ಆಗ ಐಡಿಸಿ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ, ಮೈಕ್ರೋಸಾಫ್ಟ್ ಕೊಟ್ಟ ಹಣದಲ್ಲೇ, ಒಂದು ವರದಿ ಹೊರತಂದಿತು. ಡೆನ್ಮಾರ್ಕ್, ಫ್ರಾನ್ಸ್, ಜರ್ಮನಿ, ಪೋಲೆಂಡ್, ಸ್ಪೇನ್, ಬ್ರಿಟನ್ ಈ ಆರು ದೇಶಗಳಲ್ಲಿ ವಿಸ್ಟಾದಿಂದ 50,000ಕ್ಕೂ ಹೆಚ್ಚು ಹೊಸ ಕೆಲಸ ಹುಟ್ಟುತ್ತವೆ, ಮೈಕ್ರೋಸಾಫ್ಟ್ ಗಳಿಸುವ ಪ್ರತಿ ಒಂದು ಯೂರೋಗೆ ಸುತ್ತಮುತ್ತಲ ಕಂಪನಿಗಳು ಹತ್ತಿರ ಹತ್ತಿರ 14 ಯೂರೋ ಗಳಿಸುತ್ತವೆ ಎಂಬುದು ಅದರ ಸಾರ.

"ಒಂದಕ್ಕೆ ಹದಿನಾಲ್ಕಾ! ಅಷ್ಟಾದ್ರೆ ಒಳ್ಳೇದೇ ಅಲ್ವಾ ಮೇಷ್ಟ್ರೇ?"

"ಆ ಹದಿನಾಲ್ಕು ಯಾರ ಜೇಬಿಂದ ಬರುತ್ತೆ ಯೋಚ್ನೆ ಮಾಡು. ನಿನ್ನಂಥ ಅಂಗಡಿಯವರ ಜೇಬಿಂದಲೇ ತಾನೆ? ಹೊಸದಕ್ಕೆ ಮೆಮೊರಿ ಸಾಲದು, ಹಾಕಿಸು. ಪ್ರಿಂಟರಿಗೆ ಡ್ರೈವರ್ ಸಿಗ್ತಿಲ್ಲ, ಬೇರೆ ಪ್ರಿಂಟರ್ ತಗೋ. ಹುಡುಗಿಗೆ ಹೊಸ ಮೆನು ಗೊತ್ತಿಲ್ಲ, ಕಲಿಸು. ಮಾರೋರ ಪುಸ್ತಕದಲ್ಲಿ ಅದು ಆದಾಯ, ಕೊಳ್ಳೋರ ಪುಸ್ತಕದಲ್ಲಿ ಖರ್ಚು. ನಾನು ನಿಂಗೆ ಜಮಾ-ಖರ್ಚು ಹೇಳಿಕೊಟ್ಟಾಗ ಎರಡು ಬದಿನೂ ಬರಿ ಅಂತ ಹೇಳಿರ್ಲಿಲ್ವಾ?"

ಅಂದರೆ ಆ ವರದಿ ಹೆಮ್ಮೆಯಿಂದ ಹೇಳಿದ ಅಂಕಿಯನ್ನು ತಿರುಗಿಸಿ ಓದಿದರೆ, ಒಂದು ಯೂರೋದ ಸಾಫ್ಟ್‌ವೇರ್ ಕೊಂಡವರು ಅದನ್ನು ನಡೆಸಲು ಇನ್ನೂ 14 ಯೂರೋ ತೆರಬೇಕು ಎಂದಾಯಿತು. ಅದಕ್ಕೆ ತಕ್ಕ ಪ್ರಯೋಜನ ಸಿಕ್ಕರೆ ಸರಿ. ಸಿಗುವಂತಿಲ್ಲ ಎಂದು ಬಹಳ ಕಚೇರಿಗಳು ತೀರ್ಮಾನಿಸಿದವು. 2007ರ ಜನವರಿಯಲ್ಲಿ ವಿಸ್ಟಾ ಬಂದರೂ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನೇ ಇಟ್ಟುಕೊಂಡವು. 2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂತು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೂ ಅದರಲ್ಲೇ ಕೆಲಸ ಮಾಡಿದ ಕಚೇರಿಗಳಿಗೇನು ಕಡಮೆ ಇರಲಿಲ್ಲ.

ಕಾಣುವ ಲಾಭವನ್ನಷ್ಟೇ ಎಣಿಸುವ ಈ ತಪ್ಪನ್ನು ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಬಾಸ್ತಿಯಾ 1850ರಲ್ಲೇ, ಅವನು ತೀರಿಕೊಂಡ ವರ್ಷದಲ್ಲೇ, ಬರೆದಿಟ್ಟ. ಅಂಗಡಿಯವನ ಮಗ ಕಿಟಕಿಯ ಗಾಜು ಒಡೆಯುತ್ತಾನೆ. ಗಾಜು ಹಾಕುವವನಿಗೆ ಆರು ಫ್ರಾಂಕ್ ಸಿಗುತ್ತದೆ. ನೆರೆದವರೆಲ್ಲ, ಗಾಜು ಒಡೆಯದಿದ್ದರೆ ಗಾಜಿನವನು ಬದುಕುವುದು ಹೇಗೆ ಎಂದು ಸಮಾಧಾನ ಹೇಳುತ್ತಾರೆ. ಆದರೆ ಆ ಆರು ಫ್ರಾಂಕಿನಲ್ಲಿ ಅಂಗಡಿಯವನು ಒಂದು ಜೊತೆ ಜೋಡು ಕೊಳ್ಳುತ್ತಿದ್ದ. ಆಗ ಅವನ ಕಿಟಕಿಗೆ ಗಾಜೂ ಇರುತ್ತಿತ್ತು, ಕಾಲಿಗೆ ಜೋಡೂ ಇರುತ್ತಿತ್ತು. ಈಗ ಗಾಜು ಮಾತ್ರ ಉಳಿಯಿತು. ಮಾಡದೇ ಉಳಿದ ಜೋಡನ್ನು ಯಾರೂ ಕಾಣರು, ಅದಕ್ಕೇ ಅದರ ಲೆಕ್ಕ ಯಾರೂ ಬರೆಯುವುದಿಲ್ಲ.

"ಈ ದುಡ್ಡು ಸಾಫ್ಟ್‌ವೇರಿಗೆ ಹೋಗ್ದೆ ಇದ್ರೆ ನೀನೇನು ಮಾಡ್ತಿದ್ದೆ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಕಟಿಂಗ್ ಮಷಿನ್ನಿನ ಬ್ಲೇಡು ಮೊಂಡಾಗಿದೆ, ಸಾಣೆ ಹಿಡಿಸ್ತಿದ್ದೆ. ಯುಗಾದಿಗೆ ಅಂಗಡಿ ಹುಡುಗಿಗೆ ಏನಾದ್ರೂ ಜಾಸ್ತಿ ಕೊಡ್ತಿದ್ದೆ. ಅಮ್ಮ ಒಂದು ಇಳಕಲ್ ಸೀರೆ ಕೇಳ್ತಾನೇ ಇದಾರೆ."

ಇಳಕಲ್ ಸೀರೆ ಅಂದಳಲ್ಲ, ನನಗೆ ಬೇಕಾದ ಉದಾಹರಣೆ ಸಿಕ್ಕಿತು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ರೇಷ್ಮೆಯ ಬೇರೊಂದು ಹಾಸು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿಯೇ ಆಗಬೇಕು. ನೀವು ಒಂದು ಸೀರೆ ಹೆಚ್ಚಿಗೆ ಕೊಂಡರೆ ಯಾರೋ ಒಬ್ಬ ನೇಕಾರ ಮತ್ತೆ ಮಗ್ಗಕ್ಕೆ ಕೂರುತ್ತಾನೆ, ಹಾಸು ಹೂಡುವವರಿಗೆ, ಬಣ್ಣ ಹಾಕುವವರಿಗೆ ಕೂಲಿ ಹುಟ್ಟುತ್ತದೆ. ಸಾಫ್ಟ್‌ವೇರ್ ಹಾಗಲ್ಲ. ಮೊದಲ ಪ್ರತಿ ತಯಾರಾಗಲು ಸಾವಿರಾರು ಜನ ವರ್ಷಗಟ್ಟಲೆ ದುಡಿದಿರಬಹುದು. ಆದರೆ ನೀವು ಕೊಳ್ಳುವ ಪ್ರತಿಗಾಗಿ ಯಾರೂ ಒಂದು ಗಂಟೆಯೂ ಹೆಚ್ಚಿಗೆ ದುಡಿಯಬೇಕಿಲ್ಲ. ಅದು ಇಂಟರ್ನೆಟ್ಟಿನಲ್ಲಿ ಇಳಿದು ಬರುತ್ತದೆ, ಒಂದು ಕೀ ನಂಬರ್ ಕೊಡುತ್ತಾರೆ, ಅಷ್ಟೆ. ಕೊಟ್ಟ ಹಣ ಹೊಸ ಶ್ರಮಕ್ಕೆ ಕೂಲಿ ಅಲ್ಲ, ಹೂಡಿದ ಬಂಡವಾಳಕ್ಕೆ ಪ್ರತಿಫಲ.

ಹಣ ಎಲ್ಲಿಗೆ ಹೋಯಿತು ಎಂಬುದೂ ಮುಖ್ಯ. ದೇಶದ ಒಟ್ಟು ಉತ್ಪನ್ನ ಲೆಕ್ಕ ಹಾಕುವಾಗ ಜನ ಮಾಡಿದ ಖರ್ಚು, ಹೂಡಿಕೆ, ಸರ್ಕಾರದ ಖರ್ಚು, ರಫ್ತು ಎಲ್ಲ ಕೂಡಿಸಿ ಆಮದನ್ನು ಕಳೆಯುತ್ತಾರೆ. ಹೊರದೇಶದ ಕಂಪನಿಯ ಸಾಫ್ಟ್‌ವೇರಿಗೆ ತೆತ್ತದ್ದು ಒಂದು ಕಡೆ ಖರ್ಚೆಂದು ಸೇರಿ, ಇನ್ನೊಂದು ಕಡೆ ಆಮದೆಂದು ಕಳೆದುಹೋಗುತ್ತದೆ. ಇಲ್ಲಿ ಉಳಿಯುವುದು ಮಾರಿದವರ ಕಮಿಷನ್ನು ಮತ್ತು ತೆರಿಗೆ. ಆ ತೆರಿಗೆಯೂ, ಜಿಎಸ್‌ಟಿ ನೋಂದಣಿಯಿಲ್ಲದ ಸಣ್ಣ ಅಂಗಡಿಗೆ, ವಾಪಸ್ ಬಾರದ ಖರ್ಚೇ.

ಇಲ್ಲಿಗೆ ಅವಳು ತಡೆದಳು. ತಡೆಯಬೇಕಾದ ಜಾಗವೇ ಅದು. "ಅದೆಂಗೆ ಮೇಷ್ಟ್ರೇ? ನಮ್ಮ ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನೀಲೇ ಇರೋದು. ಅವನು ದುಡ್ಡು ಕಳಿಸಿದ್ದಕ್ಕೇ ಮನೆ ಮೇಲೆ ಮಹಡಿ ಎದ್ದಿದ್ದು. ಗಾರೆ ಕೆಲಸದೋರು, ಸಿಮೆಂಟ್ ಅಂಗಡಿಯೋರು, ಎಲೆಕ್ಟ್ರಿಷಿಯನ್ನು, ಎಲ್ಲಾ ನಮ್ಮೂರೋರೇ. ಯಾರೂ ಸಾಫ್ಟ್‌ವೇರ್ ಕೊಳ್ಳದೇ ಇದ್ರೆ ಅವನಿಗೆ ಸಂಬಳ ಎಲ್ಲಿಂದ?"

ಸರಿಯಾದ ಮಾತು. ಅದಕ್ಕೆ ಸರಿಯಾದ ಉತ್ತರವೂ ಬೇಕು. ಒಂದು ಪ್ರತಿ ಮಾರಿದರೆ ಹೊಸ ಕೆಲಸ ಹುಟ್ಟದಿರಬಹುದು, ಆದರೆ ಲಕ್ಷಾಂತರ ಪ್ರತಿ ಮಾರಿದ ಹಣದಿಂದಲೇ ಮುಂದಿನದನ್ನು ಬರೆಯುವವರ ಸಂಬಳ ಬರುವುದು. ಅಂಥವರು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಆದರೆ ಆ ಸಂಬಳದ ಬಹುಪಾಲು ನಮ್ಮೂರಿನ ಅಂಗಡಿಗಳ ಹಣವಲ್ಲ. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂನ ಅಂದಾಜಿನಂತೆ 2023-24ರಲ್ಲಿ ಭಾರತದ ಐಟಿ ಉದ್ಯಮದ ಒಟ್ಟು ವಹಿವಾಟು ಸುಮಾರು 254 ಬಿಲಿಯನ್ ಡಾಲರ್. ಅದರಲ್ಲಿ ಹತ್ತಿರ ಹತ್ತಿರ 200 ಬಿಲಿಯನ್ ರಫ್ತು. ಅವಳ ತಮ್ಮನ ಮಹಡಿ ಎದ್ದದ್ದು ಹೊರದೇಶದ ಬ್ಯಾಂಕು, ವಿಮಾ ಕಂಪನಿ, ಅಂಗಡಿಗಳು ಮಾಡಿದ ಖರ್ಚಿನಿಂದ. ಅವರ ಖರ್ಚು ನಮಗೆ ವರಮಾನವಾಯಿತು. ಅದು ನಿಜ, ಸಂತೋಷದ ವಿಷಯ.

ಬೆಂಗಳೂರಿನ ಈ ಭಾಗ್ಯಕ್ಕೆ ದೊಡ್ಡದೊಂದು ತಳ್ಳು ಸಿಕ್ಕಿದ್ದೇ ಒಡೆದ ಗಾಜಿನಿಂದ. ವೈಟುಕೆ ನೆನಪಿದೆಯಲ್ಲ? ಹಿಂದಿನವರು ಮೆಮೊರಿ ದುಬಾರಿ ಎಂದು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದರು. 2000 ಬಂದರೆ ಕಂಪ್ಯೂಟರು ಅದನ್ನು 1900 ಎಂದುಕೊಳ್ಳುವ ಅಪಾಯ. ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪಾನ್ ಅವರೇ ತಾವೂ ಅಂಥ ಪ್ರೋಗ್ರಾಮು ಬರೆದವರಲ್ಲಿ ಒಬ್ಬರೆಂದು ಸೆನೆಟ್ಟಿನ ಮುಂದೆ ಹೇಳಿದ್ದರು. ಕೋಟ್ಯಂತರ ಸಾಲು ಕೋಬಾಲ್ ಕೋಡನ್ನು ಒಂದೊಂದಾಗಿ ನೋಡಿ ತಿದ್ದಬೇಕಿತ್ತು. ಆ ಕೆಲಸಕ್ಕೆ ಜನ ಸಿಕ್ಕಿದ್ದು ನಮ್ಮ ಕಡೆ. ಗಾಜು ಒಡೆದದ್ದು ಅಲ್ಲಿ, ಗಾಜು ಹಾಕಿದವರು ಬೆಂಗಳೂರಿನವರು.

"ಹಾಗಾದ್ರೆ ಒಡೆದಿದ್ದೇ ಒಳ್ಳೇದಾಯ್ತಲ್ಲ?"

"ಗಾಜು ಹಾಕಿದೋರಿಗೆ ಒಳ್ಳೇದಾಯ್ತು ಕಣಮ್ಮ. ಕಿಟಕಿ ಇದ್ದೋರಿಗೆ? ಅಷ್ಟೊಂದು ಡಾಲರ್ ಸುರಿದು ಅವರು ಪಡೆದಿದ್ದು, ನಿನ್ನೆ ನಡೀತಿದ್ದ ಲೆಕ್ಕ ನಾಳೆನೂ ನಡೆಯುತ್ತೆ ಅನ್ನೋ ಭರವಸೆ ಮಾತ್ರ. ಈ ನೆಪದಲ್ಲಿ ಹಳೇದನ್ನ ಪೂರ್ತಿ ಕಿತ್ತು ಹೊಸ ವ್ಯವಸ್ಥೆ ಕೂರಿಸಿಕೊಂಡ ಕಂಪನಿಗಳಿಗೆ ಏನಾದ್ರೂ ದಕ್ಕಿತು. ನಮಗೂ ಅಷ್ಟೇ, ಆ ದುಡ್ಡು ಅಲ್ಲಿಗೇ ಮುಗಿದಿದ್ರೆ 2000ದ ಫೆಬ್ರವರಿಗೆಲ್ಲ ಖಾಲಿ. ಉಳಿದಿದ್ದು ನಂಬಿಕೆ. ಇವರು ಹೇಳಿದ ದಿನಕ್ಕೆ ಕೆಲಸ ಮುಗಿಸ್ತಾರೆ ಅಂತ ಅವರಿಗೆ ಗೊತ್ತಾಯ್ತು, ನಮ್ಮ ಹುಡುಗರಿಗೆ ದೊಡ್ಡ ಸಂಸ್ಥೆಗಳ ಒಳಗಿನ ಕೆಲಸ ಗೊತ್ತಾಯ್ತು. ಬೆಳೆದಿದ್ದು ಆ ಕಲಿಕೆಯಿಂದ."

ಖರ್ಚಿಗೂ ಏಳಿಗೆಗೂ ನಡುವೆ ಇರುವ ಮೆಟ್ಟಿಲು ಇದೇ. ಖರ್ಚಾದ ಮೇಲೆ ನಿನ್ನೆ ಆಗದಿದ್ದ ಯಾವ ಕೆಲಸ ಇವತ್ತು ಆಗುತ್ತಿದೆ? ಏನಾದರೂ ಆಗುತ್ತಿದ್ದರೆ ಆರ್ಥಿಕತೆ ಬೆಳೆದಿದೆ. ಆಗುತ್ತಿಲ್ಲವಾದರೆ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗಿದೆ.

ಹಾಗೆ ಹೊಸ ಕೆಲಸ ಆಗಿಸುವ ಸಾಫ್ಟ್‌ವೇರುಗಳು ಇದ್ದೇ ಇವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ, ಮೇಷ್ಟ್ರು ಬೋರ್ಡಿನ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಅದಕ್ಕೆ ತಗುಲಿಕೊಂಡ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯುವುದನ್ನು ನೋಡುತ್ತಿದ್ದ. ಬಾಬ್ ಫ್ರ್ಯಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ತಂದ. ಒಂದು ಅಂಕಿ ಬದಲಿಸಿದರೆ ಉಳಿದದ್ದೆಲ್ಲ ತಾನೇ ಬದಲಾಗುತ್ತದೆ. ಸುಮಾರು 100 ಡಾಲರಿನ ಆ ಪ್ರೋಗ್ರಾಮಿಗಾಗಿ ಜನ ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಆಪಲ್ 2 ಕಂಪ್ಯೂಟರ್ ಕೊಂಡರು. ಅಲ್ಲೂ ಒಂದರ ಹಿಂದೆ ಹತ್ತಾರು ಪಟ್ಟು ಖರ್ಚು ಬಂತು, ಆದರೆ ಕೊಂಡವರು ತಾವಾಗಿ ಓಡಿ ಬಂದು ಕೊಂಡರು. ಇಡೀ ದಿನದ ಲೆಕ್ಕ ಗಳಿಗೆಯಲ್ಲಿ ಆಗುತ್ತಿತ್ತು, ಬೆಲೆ ಹೀಗಾದರೆ ಹೇಗೆ, ಹಾಗಾದರೆ ಹೇಗೆ ಎಂದು ವ್ಯಾಪಾರಿ ಮೊದಲೇ ನೋಡಬಹುದಿತ್ತು.

ನಮ್ಮಲ್ಲೇ ಟ್ಯಾಲಿ ಇದೆ. ತಂದೆಯ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ಪ್ರೋಗ್ರಾಮು ಸಿಗದೆ ಮಗನೇ ಬರೆದದ್ದು, 1986ರಲ್ಲಿ, ಬೆಂಗಳೂರಿನಲ್ಲಿ. ಇವತ್ತು ಯಾವ ತಾಲ್ಲೂಕಿಗೆ ಹೋದರೂ ಬಿ.ಕಾಂ. ಮುಗಿಸಿದ ಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆ "ಟ್ಯಾಲಿ ಬರುತ್ತಾ?" ಎಂಬುದೇ. ಕೊಬ್ಬರಿ ಮಂಡಿಯ ಗುಮಾಸ್ತರು ಯಾವ ರೈತನಿಗೆ ಎಷ್ಟು ಬಾಕಿ ಎಂಬುದನ್ನು ಆ ಕ್ಷಣಕ್ಕೇ ತೆಗೆದು ತೋರಿಸುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸಣ್ಣ ವ್ಯಾಪಾರಿಗಳು ರಿಟರ್ನ್ ಹಾಕಿ ಬದುಕಿಕೊಂಡದ್ದೂ ಇಂಥ ಲೆಕ್ಕ ಇದ್ದದ್ದರಿಂದ. ಆ ಖರ್ಚಿನ ಹಿಂದೆ ಕೆಲಸ ಇತ್ತು, ಹಣವೂ ಇಲ್ಲೇ ಉಳಿಯಿತು.

ಆದರೂ ಕೊಂಡ ಕೂಡಲೇ ಫಲ ಬರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೊ 1987ರಲ್ಲಿ ಒಂದು ಮಾತು ಬರೆದರು: ಕಂಪ್ಯೂಟರ್ ಎಲ್ಲೆಲ್ಲೂ ಕಾಣುತ್ತಿದೆ, ಉತ್ಪಾದಕತೆಯ ಅಂಕಿಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂಬ ಅರ್ಥದ ಮಾತು. ಅದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್, 1990ರಲ್ಲಿ. ಅವರು ತೋರಿಸಿದ್ದು ವಿದ್ಯುತ್ತಿನ ಚರಿತ್ರೆಯನ್ನು. ಮೊದಮೊದಲು ಕಾರ್ಖಾನೆಗಳು ಉಗಿಯಂತ್ರ ತೆಗೆದು ಅದೇ ಜಾಗದಲ್ಲಿ ಮೋಟಾರು ಇಟ್ಟವು, ಉಳಿದದ್ದೆಲ್ಲ ಮೊದಲಿನ ಹಾಗೇ ಇತ್ತು. ಹೆಚ್ಚೇನೂ ಗಿಟ್ಟಲಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ಮೋಟಾರು ಕೊಟ್ಟು, ಕಟ್ಟಡವನ್ನೇ ಬೇರೆ ರೀತಿ ಕಟ್ಟಿ, ಕೆಲಸದ ಸಾಲನ್ನೇ ಬದಲಿಸಿದ ಮೇಲೆ, 1920ರ ದಶಕದಲ್ಲಿ, ಲಾಭ ಕಂಡಿತು. ಸಾಫ್ಟ್‌ವೇರಿಗೆ ಕೊಟ್ಟ ದುಡ್ಡಿಗಿಂತ ಕೆಲಸದ ರೀತಿ ಬದಲಿಸುವ ಶ್ರಮ ದೊಡ್ಡದು.

"ಈಗ ನಿನ್ನ ಅಂಗಡಿ ವಿಷಯಕ್ಕೆ ಬಾ," ಅಂದೆ. "ಲಗ್ನಪತ್ರಿಕೆ ಮ್ಯಾಟರ್ ಹೆಂಗೆ ಬರುತ್ತೆ?"

"ಮುಂಚೆ ಹಾಳೇಲಿ ಬರ್ಕೊಂಡು ತರೋರು. ಈಗ ಎಲ್ಲಾ ವಾಟ್ಸಾಪಲ್ಲೇ. ಕನ್ನಡದಲ್ಲೇ ಟೈಪ್ ಮಾಡಿ ಕಳಿಸ್ತಾರೆ."

"ಅದನ್ನ ಹಾಗೇ ತಗೊಂಡು ಅಂಟಿಸ್ತೀಯಾ?"

"ಎಲ್ಲಿಂದ! ಪೇಜ್‌ಮೇಕರಿಗೆ ಹಾಕಿದ್ರೆ ಬರೀ ಪ್ರಶ್ನೆ ಚಿಹ್ನೆ. ಮೊಬೈಲ್ ಪಕ್ಕಕ್ಕಿಟ್ಕೊಂಡು ಪೂರ್ತಿ ಮತ್ತೆ ನುಡೀಲಿ ಟೈಪ್ ಮಾಡ್ಬೇಕು."

ಕನ್ನಡದ ಡಿಟಿಪಿ ಅಂಗಡಿಗಳ ಕಥೆ ಇದೇ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ಆವೃತ್ತಿ. ಅದರ ಜೊತೆ ನುಡಿ, ಶ್ರೀಲಿಪಿಯಂಥ ಹಳೆಯ ಬಗೆಯ ಫಾಂಟುಗಳು. ಬೆರಳಿಗೆ ಅಭ್ಯಾಸವಾಗಿದೆ, ಪ್ರೆಸ್ಸಿನವರಿಗೂ ಒಗ್ಗಿದೆ. ಆದರೆ ಮೊಬೈಲಿನಲ್ಲಿ ಜನ ಬರೆಯುವ ಕನ್ನಡ ಯೂನಿಕೋಡಿನದು, ಆ ಪ್ರೋಗ್ರಾಮಿಗೆ ಯೂನಿಕೋಡ್ ತಿಳಿಯದು. ಹಾಗಾಗಿ ಒಂದೇ ಮ್ಯಾಟರನ್ನು ಎರಡನೇ ಸಲ ಬೆರಳಚ್ಚು ಮಾಡಬೇಕು, ಮಾಡುವಾಗ ತಪ್ಪು ನುಸುಳುತ್ತದೆ, ಪ್ರೂಫ್ ಕಳಿಸಬೇಕು, ಹುಡುಗನ ಸೋದರಮಾವನ ಹೆಸರಿನ ಒತ್ತಕ್ಷರ ಬಿಟ್ಟುಹೋದರೆ ಮತ್ತೆ ತಿದ್ದಬೇಕು. ಪ್ರಿಂಟಾದ ಮೇಲೆ ಕಂಡರೆ ಕಾರ್ಡೆಲ್ಲ ದಂಡ. ಅದೇ ಮ್ಯಾಟರು ಮುಂದೆ ವಾಟ್ಸಾಪಿಗೆ ಬೇಕೆಂದರೆ ಚಿತ್ರ ಮಾಡಿ ಕೊಡಬೇಕು, ಅಕ್ಷರವಾಗಿ ಕೊಡಲಾಗದು.

ಯೂನಿಕೋಡ್ ಕನ್ನಡವನ್ನು ಒತ್ತು-ದೀರ್ಘ ಕೆಡದಂತೆ ಕೂರಿಸುವ ಡಿಸೈನ್ ಸಾಫ್ಟ್‌ವೇರ್ ಬಂದರೆ ಅವಳ ಅಂಗಡಿಯಲ್ಲಿ ನಿಜವಾಗಿ ಏನೋ ಬದಲಾಗುತ್ತದೆ. ಗಿರಾಕಿ ಕಳಿಸಿದ್ದು ನೇರ ಕಾರ್ಡಿಗೆ ಬರುತ್ತದೆ, ಟೈಪು ಮಾಡುವ ಹೊತ್ತು ಉಳಿಯುತ್ತದೆ, ಹೆಸರಿನ ತಪ್ಪು ಕಡಿಮೆಯಾಗುತ್ತದೆ. ಉಳಿದ ಹೊತ್ತಿನಲ್ಲಿ ಅಂಗಡಿಯ ಹುಡುಗಿ ಇನ್ನೊಂದು ಡಿಸೈನು ಕಲಿಯಬಹುದು. ಇದು ಬೆಳವಣಿಗೆ. ಆದರೆ ಹೊಸದನ್ನು ತಂದಿಟ್ಟು, ಹಳೆಯ ಫಾಂಟಿನಲ್ಲೇ ಮತ್ತೆ ಟೈಪು ಮಾಡುತ್ತಾ ಕೂತರೆ ಪಾಲ್ ಡೇವಿಡ್ ಹೇಳಿದ ಆ ಮೊದಲ ಕಾರ್ಖಾನೆಗಳ ಗತಿಯೇ.

ಇಷ್ಟು ಬದಲಾವಣೆಗೆ ಬಾಡಿಗೆಯ ಸಾಫ್ಟ್‌ವೇರೇ ಬೇಕೆಂದೂ ಇಲ್ಲ. ಸ್ಕ್ರೈಬಸ್, ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತವೆ. ಗುಬ್ಬಿ, ನವಿಲು, "ಬಾಲೂ ತಮ್ಮ" ಎಂಬಂಥ ಯೂನಿಕೋಡ್ ಫಾಂಟುಗಳೂ ಪುಕ್ಕಟೆ. ಒಂದು ತಿಂಗಳು ಅವುಗಳಲ್ಲಿ ನಾಲ್ಕು ಕಾರ್ಡು ಮಾಡಿ ನೋಡು, ಪ್ರೆಸ್ಸಿನವರಿಗೆ ಪಿಡಿಎಫ್ ಕೊಟ್ಟು ಕೇಳು, ಸಾಲದಿದ್ದರೆ ಆಗ ದುಡ್ಡು ಕೊಡು ಎಂದೆ.

"ಪುಕ್ಕಟೆ ತಗೊಂಡ್ರೆ ದೇಶಕ್ಕೇನು ಬಂತು ಮೇಷ್ಟ್ರೇ?" ಎಂದು ಅವಳು ಮತ್ತೆ ಮೊದಲಿನ ಎಳೆಗೇ ಬಂದಳು.

ನಾನು ಅವಳ ಅಂಗಡಿಯ ಬಾಗಿಲಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ನೆನಪಿಸಿದೆ. ಯುಪಿಐ ಶುರುವಾದದ್ದು 2016ರಲ್ಲಿ. 2020ರ ಜನವರಿಯಿಂದ ವ್ಯಾಪಾರಿಗಳಿಗೆ ಅದರ ಮೇಲೆ ಶುಲ್ಕವೂ ಇಲ್ಲ. ಅದನ್ನು ನಡೆಸುವ ಖರ್ಚು ಬ್ಯಾಂಕುಗಳೂ ಸರ್ಕಾರವೂ ಹೊರುತ್ತವೆ. ಹಣ ಕಳಿಸುವ ಆಪ್ ಕೊಳ್ಳಲು ನಾವು ನೀವು ಒಂದು ಪೈಸೆ ಕೊಟ್ಟಿಲ್ಲ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಸುಮಾರು 1,658 ಕೋಟಿ ಸಲ ವಹಿವಾಟು ಅದರಲ್ಲಿ ನಡೆಯಿತು. ಎಳನೀರಿನವರು ಚಿಲ್ಲರೆ ಇಲ್ಲವೆಂದು ಗಿರಾಕಿಯನ್ನು ಕಳಿಸುವುದು ತಪ್ಪಿತು, ಸೊಪ್ಪು ಮಾರುವ ಅಜ್ಜಿಯ ದುಡ್ಡು ನೇರ ಖಾತೆಗೆ ಬಿತ್ತು. ಗ್ರಾಹಕರ ಖರ್ಚಿನ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ಬೀದಿಯ ವ್ಯಾಪಾರದಲ್ಲಿ ಅದು ತಂದ ಅನುಕೂಲ ಅಷ್ಟಿಷ್ಟಲ್ಲ.

ಹಾಗಂತ ಸಾಫ್ಟ್‌ವೇರಿಗೆ ಯಾರೂ ದುಡ್ಡೇ ಕೊಡಬಾರದು ಎನ್ನುವವನು ನಾನಲ್ಲ. ಬರೆದವರೂ ಉಣ್ಣಬೇಕು. ಒಳ್ಳೆಯ ಸಾಧನಕ್ಕೆ ತಕ್ಕ ಬೆಲೆ ಕೊಡುವುದು ನ್ಯಾಯ. ಊರಲ್ಲೆಲ್ಲ ಕೆಲಸ ನಿಂತು, ಅಂಗಡಿಗಳಲ್ಲಿ ಜನ ಇಲ್ಲದೆ, ದುಡಿಯುವ ಕೈಗಳು ಖಾಲಿ ಕೂತಿದ್ದಾಗ ಯಾರಾದರೂ ಖರ್ಚು ಮಾಡಿದರೆ ಚಕ್ರ ತಿರುಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದೂ ಸರಿಯೇ. ಆದರೆ ಅಂಥ ಹೊತ್ತಿನಲ್ಲೂ ಅವಳ ದುಡ್ಡು ಕಟಿಂಗ್ ಬ್ಲೇಡಿಗೆ, ಅಂಗಡಿ ಹುಡುಗಿಯ ಸಂಬಳಕ್ಕೆ, ಇಳಕಲ್ಲಿನ ಮಗ್ಗಕ್ಕೆ ಹೋದರೆ ಎದ್ದು ನಿಲ್ಲುವ ಕೈಗಳು ಹೆಚ್ಚು. ಪ್ರತಿ ಮಾಡಲು ಯಾರೂ ಬೇಕಿಲ್ಲದ ವಸ್ತುವಿಗೆ ಹೋದರೆ ಕಡಿಮೆ.

ನನಗೆ ನಿಜವಾಗಿ ಸಂಕಟವಾಗುವುದು ಸಣ್ಣ ಅಂಗಡಿಯವರ ಹೆಗಲ ಮೇಲೆ ದೇಶದ ಭಾರ ಹೊರಿಸುವ ಮಾತು ಕೇಳಿದಾಗ. ನಡೆಯುತ್ತಿರುವ ಯಂತ್ರವನ್ನು ಪಕ್ಕಕ್ಕೆ ತಳ್ಳಿ, ಸಾಲ ಮಾಡಿ ಹೊಸದನ್ನು ತಂದು, ನಿನ್ನೆ ಮಾಡುತ್ತಿದ್ದ ಕೆಲಸವನ್ನೇ ಇವತ್ತೂ ಮಾಡುವುದು ದೇಶಸೇವೆಯಲ್ಲ. ಅವಳ ಅಂಗಡಿ ನಾಲ್ಕು ಕಾಸು ಉಳಿಸಿ, ಸರಿಯಾದ ಸಮಯಕ್ಕೆ ತಪ್ಪಿಲ್ಲದ ಕಾರ್ಡು ಕೊಟ್ಟು, ಒಬ್ಬ ಹುಡುಗಿಗೆ ಖಾಯಂ ಸಂಬಳ ಕೊಡುತ್ತಿದೆ. ಆರ್ಥಿಕತೆ ಅನ್ನುವುದು ಅಂಥ ಅಂಗಡಿಗಳ ಮೊತ್ತವೇ. ಅಂಗಡಿಗೆ ನಷ್ಟವಾಗುವ ಖರ್ಚು ದೇಶಕ್ಕೆ ಲಾಭವಾಗುವುದು ಅಪರೂಪ.

"ಹಂಗಾದ್ರೆ ಕೊಟೇಶನ್ ಕೊಟ್ಟೋರಿಗೆ ಏನು ಹೇಳ್ಲಿ?"

"ವಾಟ್ಸಾಪಲ್ಲಿ ಬಂದ ಒಂದು ಲಗ್ನಪತ್ರಿಕೆ ಮ್ಯಾಟರ್ ಕೊಟ್ಟು, ನಿಮ್ಮ ಸಾಫ್ಟ್‌ವೇರಲ್ಲಿ ಇದನ್ನ ನನ್ನ ಕಣ್ಣೆದುರಿಗೆ ಸೆಟ್ ಮಾಡಿ ತೋರ್ಸಿ ಅನ್ನು. ಒತ್ತು ಸರಿಯಾಗಿ ಕೂತು, ಪ್ರೆಸ್ಸಿಗೆ ಹೋಗೋ ಫೈಲ್ ಸರಿಯಾಗಿ ಬಂದ್ರೆ ಬೆಲೆ ಮಾತಾಡು. ಬರದೇ ಇದ್ರೆ, ದೇಶದ ಆರ್ಥಿಕತೆ ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ ಅಂತ ಹೇಳು."

ನಿನ್ನೆ ಆಗದಿದ್ದ ಯಾವ ಕೆಲಸ ಇದರಿಂದ ಆಗುತ್ತದೆ, ಕೊಟ್ಟ ಹಣ ಯಾರ ಕೈಗೆ ಹೋಗುತ್ತದೆ, ಇದಕ್ಕಾಗಿ ಯಾವ ಖರ್ಚನ್ನು ಬಿಡುತ್ತಿದ್ದೇನೆ. ಕೊಳ್ಳುವವರು ಈ ಮೂರನ್ನು ಕೇಳಿಕೊಂಡು ಕೊಂಡರೆ ಸಾಕು, ಮಾರುವವರೂ ಕೆಲಸಕ್ಕೆ ಬರುವ ಸಾಫ್ಟ್‌ವೇರನ್ನೇ ಬರೆಯಬೇಕಾಗುತ್ತದೆ.